ಈ ಕಾರು ಗುಲಾಬಿ ಬಣ್ಣದ್ದು

ನನ್ನ ಪಿಕಪ್ ಗಾಡಿಯ ಬಣ್ಣ ಹಸಿರು. ಅದರ ಹಿಂಬದಿಯಲ್ಲಿ ಬಿಳಿ ಅಕ್ಷರಗಳಲ್ಲಿ ‘ಈ ಗಾಡಿ ನೇರಳೆ ಬಣ್ಣದ್ದು’ ಎಂದು ಬರೆದಿತ್ತು. ಓದಿ ನಗುವವರು ನಗಲಿ, ನನ್ನ ಗಂಟೇನು ಹೋಗುತ್ತದೆ? ನಾನು ಹುಟ್ಟಿದ್ದು ಶನಿವಾರ. ಶನಿವಾರ ಹುಟ್ಟಿದವರಿಗೆ ಹಸಿರು ಆಗಿಬರುವುದಿಲ್ಲ, ನೇರಳೆ ಆಗಿಬರುತ್ತದೆ. ನನ್ನ ಗಂಡ, ಪುಣ್ಯಾತ್ಮ, ಹೆಂಡತಿ ಹುಟ್ಟಿದ ವಾರವನ್ನು ನೆನಪಿಟ್ಟುಕೊಂಡವನೇ ಅಲ್ಲ. ಶೋರೂಮಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಹೊಸ ಹಸಿರು ಗಾಡಿಯನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ತಂದ ಗಾಡಿಯನ್ನು ವಾಪಸು ಮಾಡಲಾಗುತ್ತದೆಯೇ? ಅದಕ್ಕೇ ಪಕ್ಕದ ಅಂಗಡಿಯ ಸುತಿನ್ ಇದ್ದ.

ರೋಯ್ ಎತ್ ಊರಿನ ಆಚೆ, ಅಕ್ಕಿ ಗಿರಣಿಗಳ ರಸ್ತೆಯಲ್ಲಿ ನಮ್ಮಿಬ್ಬರ ಅಂಗಡಿಗಳಿಗೂ ಒಂದೇ ತಗಡಿನ ಮಾಡು. ಈ ಕಡೆ ನಾನು, ಬುಪ್ಪಾ, ಹಸಿ ಪರಂಗಿಕಾಯಿಯನ್ನು ಮೆಣಸಿನಕಾಯಿ ಹಾಕಿ ಕುಟ್ಟಿ ಮಾರುವವಳು. ಆ ಕಡೆ ಸುತಿನ್, ಸ್ಟಿಕರ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಗಾಡಿಗಳಿಗೆ ಅಂಟಿಸುವವನು. ಪೇಟೆಯಲ್ಲಿ ಅಕ್ಷರ ಕತ್ತರಿಸುವ ಮೆಷಿನ್ ಬಂದು ಎಷ್ಟೋ ಕಾಲವಾಗಿತ್ತು. ಆದರೂ ಸುತ್ತಲಿನ ಊರುಗಳ ಜನ ಬಣ್ಣ ಕೂಡಿಬರದ ಗಾಡಿ ತಂದರೆ ಇವನ ಬಾಗಿಲಿಗೇ ಬರುತ್ತಿದ್ದರು. ಅವನು ಗೀಟು ಹಾಕುತ್ತಿರಲಿಲ್ಲ, ಅಳತೆ ಮಾಡುತ್ತಿರಲಿಲ್ಲ. ಹುಟ್ಟಿದ ವಾರ ಕೇಳುವುದು, ತುಸು ಹೊತ್ತು ಗಾಡಿಯನ್ನು ನೋಡುವುದು, ಆಮೇಲೆ ಬ್ಲೇಡು ಹಿಡಿದು ಒಂದೇ ಉಸಿರಿಗೆ ಎಳೆಯುವುದು. ನಮ್ಮ ದೇಶದ ಅಕ್ಷರಗಳಿಗೆ ತಲೆಯ ಕಡೆ ಪುಟ್ಟ ಸುರುಳಿ ಇರುತ್ತದಲ್ಲ, ಅವನು ಕತ್ತರಿಸಿದ ಸುರುಳಿ ಮೊಳಕೆ ಬಂದ ಹೆಸರುಕಾಳಿನ ಹಾಗೆ ಇರುತ್ತಿತ್ತು. ಬಸ್ಸಿನಲ್ಲಿ ಕೂತು ಎದುರು ಹೋಗುವ ಗಾಡಿ ನೋಡಿದರೆ ಸಾಕು, ಇದು ಸುತಿನ್ ಕೈ ಎಂದು ನಾನು ಹೇಳುತ್ತಿದ್ದೆ.

“ಅಲ್ಲಪ್ಪಾ, ಗಾಡಿ ಕಣ್ಣಿಗೆ ಹೊಡೆಯೋ ಹಾಗೆ ಹಸಿರಾಗಿದೆ. ನೇರಳೆ ಅಂತ ಬರೆದ್ರೆ ಗ್ರಹ ನಂಬುತ್ತಾ? ಅದಕ್ಕೇನು ಕಣ್ಣಿಲ್ವಾ?” ಎಂದು ಅಂಟಿಸುವ ದಿನ ನಾನು ಅವನನ್ನು ಕೆಣಕಿದ್ದೆ.

“ಅಷ್ಟು ಮೇಲಿಂದ ಬಣ್ಣ ಎಲ್ಲಿ ಕಾಣುತ್ತೆ ಅಕ್ಕ? ಬರೆದಿದ್ದನ್ನ ಓದ್ಕೊಂಡು ಹೋಗ್ತಾವೆ. ಅದಕ್ಕೇ ಅಕ್ಷರ ನೆಟ್ಟಗಿರಬೇಕು. ಸೊಟ್ಟ ಅಕ್ಷರದಲ್ಲಿ ಹೇಳಿದ ಸುಳ್ಳನ್ನ ಯಾರೂ ನಂಬಲ್ಲ,” ಎಂದಿದ್ದ. ಅವನ ಮುಖ ನೋಡಿದರೆ ತಮಾಷೆಯೋ ನಿಜವೋ ಗೊತ್ತಾಗುತ್ತಿರಲಿಲ್ಲ.

ಗಾಜಿನ ಮೇಲೆ ಮಾತ್ರ ಅವನು ಜನ್ಮದಲ್ಲಿ ಅಂಟಿಸಿದವನಲ್ಲ. ಬೇರೆಯವರೆಲ್ಲ ಹಿಂದಿನ ಗಾಜಿನ ಮೇಲೆ ಅಂಟಿಸಿ ಕಾಸು ತೆಗೆದುಕೊಳ್ಳುತ್ತಿದ್ದರು. ಇವನದು ಒಂದೇ ಹಟ. ಸುಳ್ಳು ಹೇಳುವುದು ಬಣ್ಣದ ಬಗ್ಗೆ, ಅದನ್ನು ಬಣ್ಣದ ಮೇಲೇ ಹೇಳಬೇಕು, ಗಾಜಿಗೆ ಯಾವ ಬಣ್ಣ ಎನ್ನುತ್ತಿದ್ದ. ಎಷ್ಟೋ ಗಿರಾಕಿಗಳು ಬೈದುಕೊಂಡು ಎದ್ದು ಹೋಗಿದ್ದಾರೆ. ಕತ್ತೆಯನ್ನಾದರೂ ಒಪ್ಪಿಸಬಹುದು, ಅವನನ್ನಲ್ಲ.

ಅವನಿಗೆ ಒಬ್ಬಳೇ ಮಗಳು, ಮೋತ್. ತಾಯಿ ಬೇಗ ತೀರಿಕೊಂಡಳು. ಹುಡುಗಿ ಬೆಳೆದದ್ದು ಅರ್ಧ ಅವನ ಸ್ಟಿಕರ್ ಚೂರುಗಳ ನಡುವೆ, ಅರ್ಧ ನನ್ನ ಒರಳಿನ ಪಕ್ಕ. ಓದಿ ಗಿರಣಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಮಳೆಗೂ ಬಿಸಿಲಿಗೂ ಮೊಪೆಡ್ಡಿನಲ್ಲೇ ಓಡಾಡಿ, ಕೊನೆಗೆ ಒಂದು ಸಣ್ಣ ಕಾರು ಬುಕ್ ಮಾಡಿದಳು. ಬಿಳಿ ಬಣ್ಣ. ಬೇರೆ ಬಣ್ಣವಾದರೆ ಬಹಳ ಕಾಯಬೇಕಿತ್ತಂತೆ. ಅವಳು ಹುಟ್ಟಿದ್ದು ಮಂಗಳವಾರ, ಮಂಗಳವಾರದವರಿಗೆ ಬಿಳಿ ಆಗದು, ಗುಲಾಬಿ ಬೇಕು. ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ಊರಿಗೆಲ್ಲ ಸುಳ್ಳು ಬರೆದುಕೊಟ್ಟವನಿಗೆ ಈಗ ಸ್ವಂತ ಮಗಳಿಗೇ ಬರೆದುಕೊಡುವ ಕಾಲ ಬಂತು ಎಂದೆ. ಸುತಿನ್‌ಗೆ ಎಷ್ಟು ಖುಷಿಯಾಗಿತ್ತೆಂದರೆ ಪೇಟೆಗೆ ಹೋಗಿ ಗುಲಾಬಿ ಹಾಳೆಗಳ ಮಾದರಿ ತಂದು, ನನ್ನ ಮುಂದೆ ಹರಡಿ, ಯಾವುದು ಚೆಂದ ಎಂದು ಕೇಳಿದ. ನಾನು ತೋರಿಸಿದ್ದು ಅವನಿಗೆ ಹಿಡಿಸಲಿಲ್ಲ. ತಾನೇ ಒಂದನ್ನು ಆರಿಸಿ ಸುರುಳಿ ಸುತ್ತಿ ಮೇಲಿನ ಹಲಗೆಯಲ್ಲಿಟ್ಟ.

ಅದೇ ವಾರ ಪ್ರಸೀತ್ ಮೇಷ್ಟರು ಬಂದರು. ನಿವೃತ್ತರಾಗಿ ಮನೆಯಲ್ಲಿದ್ದವರು. ತಮ್ಮ ನೀಲಿ ಕಾರನ್ನು ಮಾರಲು ಹೊರಟು, ಮೊದಲು ಸುತಿನ್ ಅಂಟಿಸಿದ್ದ ‘ಈ ಕಾರು ಕೆಂಪು ಬಣ್ಣದ್ದು’ ಎಂಬುದನ್ನು ಕಿತ್ತು ಹಾಕಿದ್ದರು. ಅಕ್ಷರ ಹೋಗಿದ್ದರೂ ಅದರ ಗುರುತು ಹೋಗಿರಲಿಲ್ಲ. ಡಿಕ್ಕಿಯ ಮೇಲೆ ದೂರದಿಂದಲೇ ಓದುವ ಹಾಗೆ ಕೂತಿತ್ತು.

“ಏನಯ್ಯಾ ಇದು, ಕಾರಿಗೆ ಹಚ್ಚೆ ಹಾಕಿದ್ದೀಯಾ? ಕೊಳ್ಳೋಕೆ ಬಂದವನು ಇದನ್ನೇ ತೋರಿಸಿ ಚೌಕಾಸಿ ಮಾಡ್ದ. ನಿನ್ನ ಸ್ಟಿಕರ್ ನನ್ನ ಕಾರನ್ನೇ ಕೆಡಿಸಿತು,” ಎಂದರು ಮೇಷ್ಟರು.

ಸುತಿನ್ ಪಾಲಿಶ್ ತಂದು ಬಿಸಿಲಲ್ಲಿ ಕೂತು ಉಜ್ಜಿದ. ನಾನು ಮಧ್ಯಾಹ್ನದ ವ್ಯಾಪಾರ ಮುಗಿಸಿ ಬಂದು ನೋಡಿದರೆ ಇನ್ನೂ ಉಜ್ಜುತ್ತಲೇ ಇದ್ದ. ಗುರುತು ಹಾಗೇ ಇತ್ತು. ಮೇಷ್ಟರು ತಲೆ ಕೊಡವಿ ಕಾರು ತೆಗೆದುಕೊಂಡು ಹೋದರು. ಅವನು ಕೈಯಲ್ಲಿ ಬಟ್ಟೆ ಹಿಡಿದು ರಸ್ತೆಯನ್ನೇ ನೋಡುತ್ತ ನಿಂತಿದ್ದ.

“ಇಷ್ಟು ಗಾಡಿಗಳಿಗೆ ಗಾಯ ಮಾಡಿದೀನಿ ಅಂತ ಈವತ್ತು ಗೊತ್ತಾಯ್ತು ಅಕ್ಕ,” ಎಂದ.

“ಹೋಗಲಿ ಬಿಡಪ್ಪ. ಆ ಮೇಷ್ಟರು ನನ್ನ ಹತ್ತಿರ ತಿಂದು ಕೈ ತೊಳೆದ ಮೇಲೂ ಖಾರ ಜಾಸ್ತಿ ಅಂತ ಕಾಸು ಕಡಿಮೆ ಮಾಡೋಕೆ ನೋಡೋ ಮನುಷ್ಯ,” ಎಂದೆ. ಅವನು ನಗಲಿಲ್ಲ.

ಅದಾಗಿ ಎರಡು ದಿನವಿರಬಹುದು, ಮೋತ್ ಸಂಜೆ ಆಫೀಸಿನಿಂದ ಸೀದಾ ಬಂದಳು. ಕಾರು ಸಿದ್ಧವಾಗಿದೆ, ಕೊಡುವ ಮೊದಲು ಅದಕ್ಕೆ ಕೋಟಿಂಗ್ ಮಾಡಿಸುತ್ತೀರಾ ಎಂದು ಶೋರೂಮಿನವರು ಕೇಳಿದ್ದಾರಂತೆ. ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಹಚ್ಚುತ್ತಾರೆ, ಬಿಸಿಲಿಗೆ ಮಾಸುವುದಿಲ್ಲ, ಗೀರು ಬೀಳುವುದಿಲ್ಲ, ಹಕ್ಕಿ ಹಿಕ್ಕೆ ಹಾಕಿದರೂ ಒರೆಸಿದರೆ ಹೋಗುತ್ತದೆ. ವರ್ಷಕ್ಕೊಮ್ಮೆ ಮತ್ತೆ ಹೊಳಪು ಮಾಡಿಸಿಕೊಳ್ಳುತ್ತಿದ್ದರೆ ಗ್ಯಾರಂಟಿ. ಖರ್ಚು ಅವಳ ತಿಂಗಳ ಸಂಬಳದಷ್ಟು.

“ಮೂಗಿಗಿಂತ ಮೂಗುತಿ ಭಾರ. ನನ್ನ ಗಾಡಿಗೆ ಯಾರು ಕೋಟು ತೊಡಿಸಿದ್ರು? ಓಡ್ತಾ ಇಲ್ವಾ?” ಎಂದೆ ನಾನು.

“ದೊಡ್ಡಮ್ಮ, ನಿಮ್ಮ ಗಾಡಿ ಬಣ್ಣ ಈಗ ಯಾವುದು ಅಂತ ಗ್ರಹಕ್ಕೇನು, ನಿಮಗೇ ಗೊತ್ತಿಲ್ಲ,” ಎಂದು ನಕ್ಕಳು. ಮತ್ತೆ ಅಪ್ಪನ ಕಡೆ ತಿರುಗಿದಳು. ಆಗ ಅವಳ ಮುಖದಲ್ಲಿ ನಗು ಇರಲಿಲ್ಲ. “ಆದ್ರೆ ಒಂದು ವಿಷಯ ಅಪ್ಪ. ಕೋಟಿಂಗ್ ಮಾಡಿಸಿದ್ರೆ ಅದರ ಮೇಲೆ ಸ್ಟಿಕರ್ ಅಂಟಿಸೋ ಹಾಗಿಲ್ಲ. ಅಂಟಿಸಿದ್ರೆ ಗ್ಯಾರಂಟಿ ಇಲ್ಲ ಅಂದ್ರು. ಏನು ಮಾಡ್ಲಿ? ನಾಳೆ ಹೇಳ್ಬೇಕು.”

ಸುತಿನ್ ಬ್ಲೇಡನ್ನು ಕೆಳಗಿಟ್ಟ. ಹಲಗೆಯ ಮೇಲೆ ಗುಲಾಬಿ ಸುರುಳಿ ಇತ್ತು. ಅವನು ಅದರ ಕಡೆ ನೋಡಲಿಲ್ಲ, ನಾನು ನೋಡಿದೆ.

“ಮಾಡಿಸು,” ಎಂದ.

“ಮತ್ತೆ ನಿನ್ನ ಅಕ್ಷರ?”

“ನನ್ನ ಅಕ್ಷರ ಊರೆಲ್ಲಾ ಓಡಾಡ್ತಾ ಇದೆ. ನಿನ್ನ ಹೊಸ ಕಾರು ಚೆನ್ನಾಗಿರಲಿ. ಗುರುತು ಬಿದ್ದರೆ ಹೋಗಲ್ಲ ಅದು.”

ನಾನು ಸುಮ್ಮನಿರುವವಳಲ್ಲ. “ಸುತಿನ್, ನಿನಗೇನು ತಲೆ ಕೆಟ್ಟಿದೆಯಾ? ಮೊನ್ನೆ ಇಡೀ ಮಧ್ಯಾಹ್ನ ನನ್ನ ಮುಂದೆ ಹಾಳೆ ಹರಡ್ಕೊಂಡು ಕೂತಿದ್ದೋನು ಯಾರು? ಹೋಗಲಿ, ಗಾಜಿನ ಮೇಲಾದ್ರೂ ಅಂಟಿಸು, ಮಗಳಿಗೋಸ್ಕರ,” ಎಂದೆ.

“ಗಾಜಿಗೆ ನಾನು ಅಂಟಿಸಲ್ಲ ಅಕ್ಕ. ನಿಮಗೆ ಒಲೆ ಮೇಲೆ ಏನೋ ಸೀಯ್ತಾ ಇದೆ, ನೋಡಿ,” ಎಂದ. ಒಲೆಯ ಮೇಲೆ ಏನೂ ಇರಲಿಲ್ಲ.

ಮೋತ್, “ಆಯ್ತು. ಕೋಟಿಂಗ್ ಸವೆದು ಹೋದ ಮೇಲೆ ಬರೆದುಕೊಡು,” ಎಂದಳು. ಅವನು ತಲೆಯಾಡಿಸಿದ. ಅಪ್ಪ ಮಗಳ ಮಾತು ಅಷ್ಟಕ್ಕೇ ಮುಗಿಯಿತು. ಮನೆಯಲ್ಲಿ ಇಬ್ಬರೇ ಇದ್ದು ಬೆಳೆದವರು, ಬಾಯಿ ಬಿಟ್ಟು ಹೇಳುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಕಾರು ಬಂತು. ಹಾಲಿನಂಥ ಬಿಳಿ, ಮುಖ ನೋಡಿಕೊಳ್ಳುವಷ್ಟು ಹೊಳಪು. ವಿಹಾರಕ್ಕೆ ಒಯ್ದೆವು. ಭಿಕ್ಷುಗಳು ಎಂದಿನಂತೆ ಬಿಳಿ ಗಂಧ ಕಲಸಿಕೊಂಡು ಬಾನೆಟ್ಟಿನ ಕಡೆ ಕೈ ಚಾಚಿದರು. ಮೋತ್ ಬಾಯಿ ತೆರೆಯುವ ಮೊದಲೇ ಸುತಿನ್ ಕೈಮುಗಿದು, “ಒಳಗಡೆ ಇಡಿ ಗುರುಗಳೇ, ಹೊರಗೆ ಕೋಟಿಂಗ್ ಇದೆ,” ಎಂದ. ಭಿಕ್ಷುಗಳು ನಕ್ಕು, ಒಳಗಿನ ಚಾವಣಿಗೆ ಬೊಟ್ಟಿಟ್ಟರು. ಹೊರಗೆ ಬಂದಾಗ ಅವನು ಅಂಗಿಯ ತೋಳಿನಿಂದ ಕಾರಿನ ಬಾಗಿಲಿನ ಮೇಲಿದ್ದ ಧೂಳನ್ನು ಒರೆಸಿದ. ಅಲ್ಲಿಂದಾಚೆಗೆ ಆ ಕಾರನ್ನು ಮುಟ್ಟುವಾಗೆಲ್ಲ ಅವನು ಮೊದಲು ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

ವರ್ಷ ತುಂಬಿತು. ಮತ್ತೆ ಹೊಳಪು ಮಾಡಿಸಬೇಕು ಎಂದು ಶೋರೂಮಿನಿಂದ ಫೋನು ಬಂತು. ಮೋತ್ ಮತ್ತೆ ಅಪ್ಪನನ್ನು ಕೇಳಿದಳು, ಈ ಸಲವೂ ನನ್ನೆದುರಿಗೇ, ಊಟ ಮಾಡುವಾಗ. “ಮಾಡಿಸ್ಲಾ, ಬಿಡ್ಲಾ?” ಅಂಟಕ್ಕಿ ಅನ್ನದ ಉಂಡೆಯನ್ನು ಅವನು ಬೆರಳಲ್ಲಿ ಒತ್ತುತ್ತ, “ಮಾಡಿಸು. ಇಷ್ಟು ಚೆನ್ನಾಗಿ ಇಟ್ಟುಕೊಂಡಿದೀಯಾ,” ಎಂದ. ಅವಳು ಎದ್ದು ತಟ್ಟೆ ತೊಳೆಯಲು ಹೋದಳು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇಲ್ಲಿ ಗಿಡವೇ ತಾನು ಮದ್ದಲ್ಲ ಎಂದು ಹೇಳಿಕೊಂಡು ನಿಂತರೆ ಯಾರು ಏನು ಮಾಡಬೇಕು?

ಆ ಚಳಿಗಾಲದಲ್ಲಿ ಸುತಿನ್‌ಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಾಳೆ ಬಿಚ್ಚುತ್ತಿದ್ದವನು ಹಾಗೇ ಬೆಂಚಿಗೆ ಒರಗಿದ. ಆಸ್ಪತ್ರೆಯಿಂದ ಬಂದಾಗ ಮಾತು ಸರಿಯಿತ್ತು, ನಡಿಗೆ ತಕ್ಕಮಟ್ಟಿಗೆ ಬಂತು, ಬಲಗೈ ಮಾತ್ರ ಬರಲಿಲ್ಲ. ಔಷಧಿ, ಎಣ್ಣೆ, ಮಾಲೀಸು, ಎಲ್ಲ ಆಯಿತು. ಕೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿರುತ್ತಿತ್ತು. ಅಂಗಡಿ ಮುಚ್ಚಲು ಒಪ್ಪಲಿಲ್ಲ. ಬಾಗಿಲು ತೆರೆದುಕೊಂಡು ಕೂರುತ್ತಿದ್ದ. ಬಂದ ಗಿರಾಕಿಗಳಿಗೆ ಪೇಟೆಯ ಮೆಷಿನ್ ಅಂಗಡಿಯ ದಾರಿ ಹೇಳುತ್ತಿದ್ದ.

ಮತ್ತೊಂದು ವರ್ಷ ತುಂಬಿ ಶೋರೂಮಿನಿಂದ ಫೋನು ಬಂದಾಗ ಮೋತ್ ಯಾರನ್ನೂ ಕೇಳಲಿಲ್ಲ. ಬೇಡ ಎಂದು ಇಟ್ಟುಬಿಟ್ಟಳು. ರಜೆಯ ದಿನ ಬೆಳಿಗ್ಗೆ ಕೂದಲು ಒಣಗಿಸುವ ಡ್ರೈಯರ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು.

“ದೊಡ್ಡಮ್ಮ, ಒಂದು ಕೇಳ್ತೀನಿ, ಬೈಬೇಡಿ. ನಿಮ್ಮ ಗಾಡಿ ಮೇಲಿರೋದನ್ನ ನನಗೆ ಕೊಡ್ತೀರಾ?”

“ಯಾವುದನ್ನ?”

“ಅಪ್ಪನ ಅಕ್ಷರ. ನಿಧಾನಕ್ಕೆ ಬಿಸಿ ಮಾಡಿ ಬಿಡಿಸ್ಕೊಂಡು ನನ್ನ ಕಾರಿಗೆ ಅಂಟಿಸ್ಕೋತೀನಿ.”

“ಅದರಲ್ಲಿ ನೇರಳೆ ಅಂತ ಇದೆಯಲ್ಲೇ, ನಿನಗೆ ಬೇಕಾಗಿರೋದು ಗುಲಾಬಿ.”

“ನೇರಳೆಯಾದ್ರೂ ಇರಲಿ, ಏನಾದ್ರೂ ಇರಲಿ. ಅವನ ಕೈ ಇದ್ರೆ ಸಾಕು.” ಅವಳ ಕಣ್ಣು ತುಂಬಿತ್ತು. “ಊರಲ್ಲಿ ಸಿಕ್ಕಸಿಕ್ಕವರ ಕಾರಿನ ಮೇಲೆಲ್ಲ ಇದೆ. ಸಿಗ್ನಲ್ಲಲ್ಲಿ ನನ್ನ ಮುಂದೆ ನಿಲ್ಲೋ ಗಾಡಿಗಳ ಮೇಲೆ ಇದೆ. ನನ್ನದರ ಮೇಲೆ ಮಾತ್ರ ಇಲ್ಲ.”

ಬೇಡ ಎನ್ನಲು ನಾನೇನು ಕಲ್ಲೇ? ಆ ಸುಳ್ಳು ನನ್ನನ್ನು ಇಷ್ಟು ವರ್ಷ ಕಾದದ್ದು ಸಾಕು, ಇನ್ನು ಶನಿ ಬಂದರೆ ಅವನಿಗೂ ಒಂದು ತಟ್ಟೆ ಪರಂಗಿ ಕುಟ್ಟಿ ಕೊಟ್ಟರಾಯಿತು ಎಂದೆ. ಗಾಡಿಯನ್ನು ಹೊರಗೆ ತಂದೆವು. ಸುತಿನ್ ತನ್ನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮಗಳು ಏನು ಮಾಡುತ್ತಿದ್ದಾಳೆಂದು ಗೊತ್ತಾಯಿತು ಅನಿಸುತ್ತದೆ.

ಮೋತ್ ಮೊದಲ ಅಕ್ಷರಕ್ಕೆ ಬಿಸಿ ಗಾಳಿ ಹಿಡಿದು, ಉಗುರಿನಿಂದ ಅಂಚನ್ನು ಎಬ್ಬಿಸಿದಳು. ಒಣಗಿದ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಅದು ಪುಡಿಯಾಯಿತು. ಎರಡನೆಯದಕ್ಕೆ ಇನ್ನಷ್ಟು ಬಿಸಿ ಕೊಟ್ಟಳು, ಅದೂ ಚೂರಾಯಿತು. ಅಷ್ಟು ವರ್ಷ ಬಿಸಿಲುಂಡ ಹಾಳೆ, ಅದರಲ್ಲಿ ಎಳೆದರೆ ಬರುವ ಜೀವ ಎಲ್ಲಿರಬೇಕು? ಸಾಕು ನಿಲ್ಲಿಸೇ ಎಂದೆ. ಅವಳು ನಿಲ್ಲಿಸಲಿಲ್ಲ, ಒಂದಾದರೂ ಇಡಿಯಾಗಿ ಬರಬಹುದು ಎಂದು ಕೊನೆಯ ಅಕ್ಷರದವರೆಗೂ ಹೋದಳು. ಒಂದೂ ಬರಲಿಲ್ಲ. ಅವಳ ಅಂಗೈಯಲ್ಲಿ ಬಿಳಿ ಪುಡಿ ಇತ್ತು.

ಆಗ ನಾನು ಗಾಡಿಯನ್ನು ಸರಿಯಾಗಿ ನೋಡಿದೆ. ಸುತ್ತಲೂ ಬಣ್ಣ ಬಿಸಿಲಿಗೆ ಸತ್ತು, ಹಳೆಯ ಪಾಚಿಯ ಹಾಗೆ ಬೂದಿ ಬೂದಿಯಾಗಿತ್ತು. ಅಕ್ಷರಗಳು ಇದ್ದ ಜಾಗ ಮಾತ್ರ ಎಳೆಯ ಭತ್ತದ ಸಸಿಯಷ್ಟು ಹಸಿರು. ನನ್ನ ಗಂಡ ತಂದು ಬಾಗಿಲಲ್ಲಿ ನಿಲ್ಲಿಸಿದ ದಿನ ಗಾಡಿ ಹೀಗಿತ್ತು. ಒಂದೊಂದು ಸುರುಳಿಯೂ ಕೆಡದೆ, ‘ಈ ಗಾಡಿ ನೇರಳೆ ಬಣ್ಣದ್ದು’ ಎಂದು ಆ ಹೊಸ ಹಸಿರೇ ಹೇಳುತ್ತಿತ್ತು.

ಸುತಿನ್ ಕುರ್ಚಿಯಿಂದ ಎದ್ದು, ಕಾಲೆಳೆದುಕೊಂಡು ಬಂದ. ಬಹಳ ಹೊತ್ತು ನೋಡಿದ. ಎಡಗೈಯಿಂದ ಒಂದು ಸುರುಳಿಯನ್ನು ಸವರಿದ.

“ಮೇಷ್ಟರ ಕಾರಲ್ಲೂ ಇದೇ ಇದ್ದದ್ದು ಅಕ್ಕ. ಗುರುತಲ್ಲ ಅದು. ಅಡಿಯಲ್ಲಿರೋದೇ ಸರಿಯಾದ ಬಣ್ಣ. ಕೆಟ್ಟದ್ದು ಸುತ್ತಲಿಂದು,” ಎಂದ. “ಅಷ್ಟು ಉಜ್ಜಿದೆ. ನನಗೆ ತೋಚಲೇ ಇಲ್ಲ.”

ಮೋತ್ ಪುಡಿ ಹಿಡಿದ ಕೈಯಲ್ಲೇ ಮೂಗು ಒರೆಸಿಕೊಂಡಳು. “ಅಪ್ಪ, ಅವತ್ತು ನಾನು ಯಾಕೆ ಕೇಳಿದೆ ಗೊತ್ತಾ? ಕೋಟಿಂಗ್ ಬೇಡ, ನಾನು ಬರೀತೀನಿ ಅಂತ ನೀನು ಹೇಳ್ಲಿ ಅಂತ ಕೇಳಿದೆ. ಎರಡನೇ ಸಲಾನೂ ಅದಕ್ಕೇ ಕೇಳಿದ್ದು.”

“ನನ್ನ ಅಕ್ಷರ ಹಾಕ್ಕೊಂಡು ಗಿರಣಿಗೆ ಹೋದ್ರೆ ಆಫೀಸಿನೋರು ಹಳ್ಳಿಗಮಾರಿ ಅಂತ ಆಡ್ಕೋತಾರೆ ಅಂದ್ಕೊಂಡೆ,” ಎಂದ ಅವನು. “ನಿನಗೇ ಬೇಡ, ಹೇಳೋಕೆ ಆಗ್ತಾ ಇಲ್ಲ, ಅದಕ್ಕೇ ಕೋಟಿಂಗ್ ಅಂತಿದೀಯಾ ಅಂದ್ಕೊಂಡೆ. ಕಾರನ್ನೂ ಕೆಡಿಸಬಾರದು, ನಿನ್ನನ್ನೂ ಪೇಚಿಗೆ ಸಿಕ್ಕಿಸಬಾರದು ಅನ್ನಿಸ್ತು ಮಗಳೇ.”

ಅವಳು ಒಳಗೆ ಓಡಿದಳು. ಮೇಲಿನ ಹಲಗೆಯಿಂದ ಗುಲಾಬಿ ಸುರುಳಿಯನ್ನು ತಂದಳು, ಬ್ಲೇಡು ತಂದಳು, ಎರಡನ್ನೂ ಅವನ ಮುಂದೆ ಹಿಡಿದಳು. “ಎಡಗೈಲಿ ಕತ್ತರಿಸು. ಹೇಗಾದ್ರೂ ಬರಲಿ. ನಾನು ಹಾಳೆ ಹಿಡ್ಕೋತೀನಿ.”

ಅವನು ಬ್ಲೇಡನ್ನು ಎಡಗೈಗೆ ತೆಗೆದುಕೊಂಡ. ಅವಳು ಬೆಂಚಿನ ಮೇಲೆ ಹಾಳೆ ಹರಡಿದಳು. ನಾನೂ ಒಂದು ತುದಿ ಹಿಡಿದೆ. ಅವನು ಮೊದಲ ಸುರುಳಿಯನ್ನು ಶುರುಮಾಡಿದ. ಬ್ಲೇಡು ತಿರುಗಬೇಕಾದಲ್ಲಿ ತಿರುಗದೆ ಪಕ್ಕಕ್ಕೆ ಹರಿದು ಹೋಯಿತು. ಇನ್ನೊಂದು ಸಲ ನೋಡಿದ. ಮಗು ಗೀಚಿದ ಹಾಗೆ ಆಯಿತು. ಅವನು ಬ್ಲೇಡನ್ನು ಬೆಂಚಿನ ಮೇಲಿಟ್ಟ.

“ಪರವಾಗಿಲ್ಲ ಅಪ್ಪ, ನನಗೆ ಇದೇ ಬೇಕು,” ಎಂದಳು ಮೋತ್.

“ಬೇಡ. ಸೊಟ್ಟ ಅಕ್ಷರದ ಸುಳ್ಳನ್ನ ಯಾರೂ ನಂಬಲ್ಲ. ಮಂಗಳ ನಂಬಲ್ಲ. ನಿನ್ನನ್ನ ಅದು ಕಾಯಲ್ಲ,” ಎಂದ. ಇಷ್ಟು ವರ್ಷ ಅದು ತಮಾಷೆಯೋ ನಿಜವೋ ಎಂದು ನನಗೆ ತಿಳಿದಿರಲಿಲ್ಲ. ಆ ದಿನ ತಿಳಿಯಿತು.

ಮೆಷಿನ್ ಅಂಗಡಿಗೆ ಹೋಗಿ ಮಾಡಿಸಿಕೋ ಎಂದು ಆಮೇಲೆ ನಾನೇ ಒಂದು ದಿನ ಮೋತ್‌ಗೆ ಹೇಳಿದೆ. ಮೆಷಿನ್ ಅಕ್ಷರ ಬೇಕಿದ್ದರೆ ಮೊದಲ ದಿನವೇ ಗಾಜಿಗೆ ಅಂಟಿಸಿಕೊಳ್ಳುತ್ತಿದ್ದೆ ದೊಡ್ಡಮ್ಮ ಎಂದಳು. ನನ್ನ ಗಾಡಿಗೆ ಬಣ್ಣ ಹೊಡೆಸುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಳು. ಹೊಡೆಸಿಲ್ಲ. ಅವಳು ಕೆಲಸದಿಂದ ಬಂದವಳು ಕೆಲವು ದಿನ ಸೀದಾ ಮನೆಗೆ ಹೋಗುವುದಿಲ್ಲ, ನನ್ನ ಗಾಡಿಯ ಹಿಂದೆ ಸುಮ್ಮನೆ ನಿಂತಿರುತ್ತಾಳೆ. ಸುತ್ತಲಿನ ಬಣ್ಣ ಸತ್ತ ಹಾಗೆ ಇನ್ನು ಆ ಅಕ್ಷರದ ಹಸಿರೂ ಮಾಸುತ್ತದೆ, ಈಗ ಅದರ ಮೇಲೆ ಏನೂ ಮುಚ್ಚಿಲ್ಲ. ಅವಳಿಗೂ ಅದು ಗೊತ್ತು.

ಮೊನ್ನೆ ಮಧ್ಯಾಹ್ನ ಜೋರು ಮಳೆ ಬಂತು. ಗಿರಾಕಿಗಳಿರಲಿಲ್ಲ. ಮಾಡಿನ ಕೆಳಗೆ ನಾನು ಮತ್ತು ಸುತಿನ್ ಇಬ್ಬರೇ ಕೂತಿದ್ದೆವು. ಎದುರಿಗೆ ಮೋತ್‌ಳ ಬಿಳಿ ಕಾರು ನಿಂತಿತ್ತು. ಹೊಳಪು ಮಾಡಿಸದೆ ಬಿಟ್ಟಿದ್ದರೂ ನೀರು ಅದರ ಮೇಲೆ ಒಂದು ಕ್ಷಣ ನಿಲ್ಲದೆ ಮಣಿ ಮಣಿಯಾಗಿ ಉರುಳಿ ಹೋಗುತ್ತಿತ್ತು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಸುತಿನ್ ಅದನ್ನೇ ನೋಡುತ್ತಿದ್ದ.

“ಕೆಲಸ ಚೆನ್ನಾಗಿ ಮಾಡಿದಾರೆ ಅಕ್ಕ,” ಎಂದ. “ನೋಡಿ, ಏನೂ ಅಂಟಲ್ಲ.”

ನಾನು ಎದ್ದು ಒಳಗೆ ಹೋದೆ. ಅವನಿಗೆ ಒಂದು ತಟ್ಟೆ ಪರಂಗಿ ಕುಟ್ಟಿ, ಮೆಣಸಿನಕಾಯಿ ಕಡಿಮೆ ಹಾಕಿ, ಎಡಗೈಗೆ ಸಿಗುವ ಹಾಗೆ ಇಟ್ಟೆ.